ಸದ್ದು ಮಾಡದ ಅಕ್ಷರ

ಚನ್ನಗಿರಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಪತ್ರಿಕೆ, ಗೃಹಪ್ರವೇಶದ ಕಾರ್ಡು, ತಾಲ್ಲೂಕು ಕಚೇರಿಗೆ ಕೊಡುವ ಅರ್ಜಿ, ಶ್ರದ್ಧಾಂಜಲಿಯ ಬ್ಯಾನರು, ಇಂಥವನ್ನು ಟೈಪ್ ಮಾಡಿಕೊಡುತ್ತಲೇ ನನ್ನ ತಲೆಗೂದಲು ಅರ್ಧ ಬೆಳ್ಳಗಾಗಿದೆ. ಟೈಪಿಂಗನ್ನು ಶಾಲೆಗೆ ಹೋಗಿ ಕಲಿತವಳು ನಾನು. ಕಂಪ್ಯೂಟರನ್ನು ಮಾತ್ರ ಯಾರೂ ಕಲಿಸಲಿಲ್ಲ. ಕೆಟ್ಟಾಗಲೆಲ್ಲ ರಿಪೇರಿ ಮಾಡಿಕೊಳ್ಳುತ್ತ ಕಲಿತೆ.

ಒಮ್ಮೆ ವೈರಸ್ ಹೊಕ್ಕು ಆ ಸೀಸನ್ನಿನ ಮದುವೆ ಪತ್ರಿಕೆಗಳೆಲ್ಲ ಅಳಿಸಿಹೋದವು. ಆಗ ಗಿರಾಕಿಯಾಗಿ ಬರುತ್ತಿದ್ದ ಉಪನ್ಯಾಸಕರೊಬ್ಬರು ಒಂದು ಸಿಡಿ ಕೊಟ್ಟು, "ವಿಂಡೋಸ್ ಬದ್ಲು ಲಿನಕ್ಸ್ ಹಾಕ್ಕೊಂಡು ನೋಡ್ರಿ. ಯಾರ ಅಪ್ಪಣೆನೂ ಬೇಕಿಲ್ಲ, ಇದು ಎಲ್ರುದೂ" ಎಂದರು. ಹಾಕಿಕೊಂಡೆ. ಆದರೆ ನಾನು ಬಳಸುತ್ತಿದ್ದ ಹಳೆಯ ಕನ್ನಡ ತಂತ್ರಾಂಶ ವಿಂಡೋಸ್‌ಗೆಂದೇ ಮಾಡಿದ್ದು. ಅದನ್ನು ಲಿನಕ್ಸ್ ಮೇಲೆ ನಡೆಸಲು ಇನ್ನೊಂದು ಉಚಿತ ತಂತ್ರಾಂಶ ಬೇಕಾಯಿತು. ವಿಂಡೋಸ್ ಪ್ರೋಗ್ರಾಂ ಏನು ಕೇಳಿದರೂ ಅದನ್ನು ಲಿನಕ್ಸಿಗೆ ತಿಳಿಯುವ ಹಾಗೆ ಹೇಳಿ, ಬಂದ ಉತ್ತರವನ್ನು ತಿರುಗಿ ಒಪ್ಪಿಸುವುದು ಅದರ ಕೆಲಸ. ಅದು ಯಾವ ಕಂಪನಿಯದೂ ಅಲ್ಲ. ಹತ್ತಾರು ದೇಶಗಳ ಜನ ಸೇರಿ ಬರೆದು, ಯಾರು ಬೇಕಾದರೂ ಬಿಚ್ಚಿ ನೋಡಲೆಂದು ಬಯಲಿಗಿಟ್ಟದ್ದು. ನಾನು ಅದಕ್ಕೆ ನನ್ನಷ್ಟಕ್ಕೆ ದುಭಾಷಿ ಎಂದು ಹೆಸರಿಟ್ಟುಕೊಂಡಿದ್ದೆ.

ಈ ದುಭಾಷಿಯ ದೆಸೆಯಿಂದಲೇ ಟೀಚರೊಬ್ಬರು ನನ್ನ ಅಂಗಡಿಗೆ ಬಂದದ್ದು. ಒಂದು ದಿನ ಮಧ್ಯಾಹ್ನ ಬಿಳಿ ಕೋಲನ್ನು ಮೆಟ್ಟಿಲಿಗೆ ತಟ್ಟಿ ಅಳತೆ ನೋಡಿಕೊಂಡು, ಒಬ್ಬರೇ ಒಳಗೆ ಬಂದರು. ನಲವತ್ತರ ಆಚೀಚಿನ ಹೆಂಗಸು. ಹುಟ್ಟಿದೂರು ಜಗಳೂರು ತಾಲ್ಲೂಕಿನ ಸೊಕ್ಕೆ. ಹೊನ್ನಾಳಿಯಲ್ಲಿ ಕೊಠಡಿ ಮಾಡಿಕೊಂಡಿದ್ದು, ಸುತ್ತಿನ ಶಾಲೆಗಳಲ್ಲಿ ಓದುವ ದೃಷ್ಟಿಯಿಲ್ಲದ ಮಕ್ಕಳಿಗೆ ಬ್ರೈಲ್ ಕಲಿಸುವುದು ಅವರ ಕೆಲಸ. ಅವರಿಗೂ ಹುಟ್ಟಿನಿಂದ ದೃಷ್ಟಿ ಇರಲಿಲ್ಲ.

"ಅಕ್ಕಾರೆ, ಲಿನಕ್ಸ್ ಮೇಲೆ ವಿಂಡೋಸ್ ಪ್ರೋಗ್ರಾಂ ನಡೆಸೋರು ನೀವೇ ಏನ್ರಿ?" ಎಂದು ಕೇಳಿದರು.

ಅವರ ಬಳಿ ಕನ್ನಡವನ್ನು ಬ್ರೈಲ್ ಚುಕ್ಕಿಗಳಿಗೆ ತಿರುಗಿಸುವ ಹಳೆಯ ವಿಂಡೋಸ್ ಪ್ರೋಗ್ರಾಂ ಒಂದಿತ್ತು. ಅದನ್ನು ನಡೆಸುತ್ತಿದ್ದ ಕಂಪ್ಯೂಟರು ಸತ್ತುಹೋಗಿತ್ತು. ಹೊಸ ವಿಂಡೋಸ್ ಮೇಲೆ ಆ ಪ್ರೋಗ್ರಾಂ ಏಳುತ್ತಿರಲಿಲ್ಲ, ಮಾಡಿದವರು ಈಗ ಎಲ್ಲಿದ್ದಾರೋ ಯಾರಿಗೂ ಗೊತ್ತಿರಲಿಲ್ಲ. ದಾನವಾಗಿ ಸಿಕ್ಕ ಒಂದು ಕಂಪ್ಯೂಟರಿನಲ್ಲಿ ಲಿನಕ್ಸ್ ಇತ್ತು. ನಾನು ಹೊನ್ನಾಳಿಗೆ ಹೋಗಿ ದುಭಾಷಿಯ ಹೊಸ ಆವೃತ್ತಿಯನ್ನು ಹಾಕಿ, ಅದರ ಮೇಲೆ ಬ್ರೈಲ್ ಪ್ರೋಗ್ರಾಂ ಕೂರಿಸಿಕೊಟ್ಟೆ. ಅದು ತಾನೇ ಮಾತಾಡುವ ಪ್ರೋಗ್ರಾಂ. ಒಂದೊಂದು ಕೀಲಿಗೂ "ಕಡತ ತೆರೆದಿದೆ", "ಮುದ್ರಣ ಸಿದ್ಧ" ಎಂದು ಒಬ್ಬ ಗಂಡಸಿನ ದನಿ ಹೇಳುತ್ತಿತ್ತು. ಆ ದನಿ ಕೇಳಿದ ಕೂಡಲೇ ಟೀಚರು ಕೈ ಚಪ್ಪಾಳೆ ತಟ್ಟಿ, "ಬಂದ್ರು ನೋಡ್ರಿ ನಮ್ಮ ಯಜಮಾನ್ರು!" ಎಂದು ನಕ್ಕರು. ಮದುವೆಯಾಗದ ಹೆಂಗಸು, ಆ ತಮಾಷೆ ಅವರದೇ.

ಹಾಗೆ ಶುರುವಾಯಿತು ನಮ್ಮ ವ್ಯವಹಾರ. ನ್ಯಾಮತಿಯ ಒಂದು ಶಾಲೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳಿದ್ದಳು, ಟೀಚರ ವಿದ್ಯಾರ್ಥಿನಿ. ತರಗತಿಯಲ್ಲಿ ಶಿಕ್ಷಕರು ಬರೆಸುವ ಟಿಪ್ಪಣಿಗಳನ್ನು ಅವಳ ಗೆಳತಿಯರು ಫೋಟೊ ತೆಗೆದು ಕಳಿಸುವರು. ನಾನು ಅವನ್ನು ಟೈಪ್ ಮಾಡಿ ಟೀಚರಿಗೆ ಕಳಿಸುವೆ. ಅವರ ಪ್ರೋಗ್ರಾಂ ಅದನ್ನು ಬ್ರೈಲ್ ಮಾಡುವುದು, ಪಕ್ಕದಲ್ಲಿದ್ದ ದಪ್ಪನೆಯ ಮುದ್ರಣಯಂತ್ರ ಗಟ್ಟಿ ಕಾಗದದ ಮೇಲೆ ಚುಕ್ಕಿ ಕುಟ್ಟುವುದು. ಮೊದಲ ತಿಂಗಳು ಕನ್ನಡದ ಎರಡು ಪಾಠ, ಇತಿಹಾಸದ ಒಂದು ಪಾಠ ಸುಸೂತ್ರವಾಗಿ ಹೋದವು.

ಆಮೇಲೆ ವಿಜ್ಞಾನ ಬಂತು.

"ಅಕ್ಕಾರೆ, ನಿಮ್ಮ ವಿಜ್ಞಾನ ಬರವಲ್ದು" ಎಂದರು ಟೀಚರು ಫೋನಿನಲ್ಲಿ. "ತೆಗಿಯಾಕೆ ಹೋದ್ರೆ 'ಕಡತ ತೆ' ಅಂತಾನೆ, ಅಷ್ಟಕ್ಕೇ ಬಾಯಿ ಮುಚ್ಚಿಬಿಡ್ತಾನೆ. ಪ್ರೋಗ್ರಾಮೇ ಹೋಗಿಬಿಡ್ತೈತೆ."

"ಮುಚ್ಚಿ ಇನ್ನೊಂದ್ಸಲ ತೆಗೀರಿ" ಎಂದೆ.

"ತೆಗ್ದೆ. ನಾಲ್ಕು ಸಲ ತೆಗ್ದೆ."

"ಕಂಪ್ಯೂಟ್ರು ಆಫ್ ಮಾಡಿ ಆನ್ ಮಾಡ್ರಿ."

ಅದನ್ನೂ ಮಾಡಿದ್ದರು. ಅದೇ ಕಡತವನ್ನು ನಾನು ಅಂಗಡಿಯ ಕಂಪ್ಯೂಟರಿನಲ್ಲಿ, ಅದೇ ಬ್ರೈಲ್ ಪ್ರೋಗ್ರಾಂ ಹಾಕಿ ತೆರೆದೆ. ಸಲೀಸಾಗಿ ತೆರೆದುಕೊಂಡಿತು. "ನಂದ್ರಾಗೆ ಬರ್ತೈತಲ್ರಿ" ಎಂದೆ. ಅದನ್ನು ಹೇಳಿದ ಬಗೆ ನನಗೆ ಈಗಲೂ ನೆನಪಿದೆ. ನಿಮಗೆ ಕಾಣುವುದಿಲ್ಲ, ಎಲ್ಲೋ ಬೇರೆ ಕೀಲಿ ಒತ್ತಿರುತ್ತೀರಿ ಎಂಬುದು ಆ ದನಿಯಲ್ಲಿ ಇತ್ತು. ಅವರಿಗೆ ಅದು ಕೇಳಿಸದೆ ಹೋಗುವುದುಂಟೇ? ದನಿಯಿಂದಲೇ ಜಗತ್ತನ್ನು ಅಳೆಯುವವರು ಅವರು. "ಆಯ್ತು ಬಿಡ್ರಿ" ಎಂದು ಫೋನ್ ಇಟ್ಟುಬಿಟ್ಟರು.

ಮೂರು ವಾರ ಹೀಗೇ ಕಳೆಯಿತು. ನಡುವೆ ಅವರೊಮ್ಮೆ, "ಒಂದು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಾನೇ ಟೈಪ್ ಮಾಡಿದ್ದು ಯಾವುದೂ ಅರ್ಧಕ್ಕೆ ನಿಲ್ಲಲ್ಲ. ನಿಮ್ಮದು ಕೆಲವು ನಿಲ್ತಾವೆ" ಎಂದರು. ನನಗೆ ಬೇಸರವಾಗಿಯೇ ಆಯಿತು. ಇಷ್ಟು ವರ್ಷ ಟೈಪ್ ಮಾಡಿದವಳ ಬೆರಳಿನಲ್ಲಿ ತಪ್ಪು ಹುಡುಕುತ್ತಾರಲ್ಲ ಎನ್ನಿಸಿತು. ವಿಜ್ಞಾನದ ಸೂತ್ರಗಳೇ ಕಾರಣವಿರಬೇಕೆಂದು ಎಲ್ಲ ಸೂತ್ರ, ಎಲ್ಲ ಅಂಕಿ ತೆಗೆದು ಕಳಿಸಿದೆ. ಅದೂ ನಿಂತಿತು.

ಆ ಮೂರು ವಾರ ಅವರು ಏನು ಮಾಡುತ್ತಿದ್ದರೆಂದು ನಾನು ಕೇಳಿರಲಿಲ್ಲ. ನ್ಯಾಮತಿಯ ಆ ಹುಡುಗಿಯೇ ಒಂದು ದಿನ ಟೀಚರ ಫೋನಿನಿಂದ ಮಾತಾಡಿದಳು. "ಆಂಟಿ, ನಮ್ಮ ಮಿಸ್ಸು ಕೈಯಾಗೇ ಚುಚ್ಚಿ ಚುಚ್ಚಿ ಬರ್ಕೊಡ್ತಾ ಅದಾರೆ. ಬೆರಳು ಬಾತೈತೆ. ನಿಮ್ಗೆ ಹೇಳ್ಬ್ಯಾಡ ಅಂದಿದ್ರು" ಎಂದಳು. ಹಲಗೆಯ ಮೇಲೆ ಕಾಗದ ಸಿಕ್ಕಿಸಿ, ಮೊಳೆಯಂಥ ಕಡ್ಡಿಯಿಂದ ಒಂದೊಂದೇ ಚುಕ್ಕಿ ಚುಚ್ಚುವುದು ಹಳೆಯ ಪದ್ಧತಿ. ಪುಟ ತುಂಬಬೇಕಾದರೆ ಸಾವಿರಾರು ಚುಕ್ಕಿ ಬೇಕು. ಬ್ರೈಲ್ ಓದುವವರಿಗೆ ಬೆರಳ ತುದಿಯೇ ಕಣ್ಣು. ಅದು ಬಾತಿದೆ ಎಂದರೆ ಏನೆಂದು ನನಗೆ ಆಗ ಹೊಳೆಯಿತು.

ಮಾರನೆಯ ದಿನ ಅಂಗಡಿಯ ಬಾಗಿಲಿಗೆ ಬೀಗ ಹಾಕಿ ಹೊನ್ನಾಳಿಯ ಬಸ್ಸು ಹತ್ತಿದೆ. ಕೆರೆಬಿಳಚಿಯವರೊಬ್ಬರು ಮದುವೆ ಪತ್ರಿಕೆಯ ಕರಡು ನೋಡಲು ಬರುವವರಿದ್ದರು. ಅವರಿಗೆ ಫೋನ್ ಮಾಡಿ ನಾಳೆಗೆ ಬನ್ನಿ ಎಂದೆ.

ಟೀಚರ ಕೊಠಡಿಯಲ್ಲಿ ಒಂದು ಮೇಜು, ಎರಡು ಕುರ್ಚಿ, ಕಂಪ್ಯೂಟರು, ಬ್ರೈಲ್ ಯಂತ್ರ. ಗೋಡೆಯ ಮೇಲೆ ಕ್ಯಾಲೆಂಡರೂ ಇರಲಿಲ್ಲ. ದೀಪ ಹಾಕುವ ಅಭ್ಯಾಸ ಅವರಿಗಿಲ್ಲದ್ದರಿಂದ ಒಳಗೆ ಮಬ್ಬಾಗಿತ್ತು. ನನ್ನ ಹೆಜ್ಜೆ ಗುರುತಿಸಿ ಎದ್ದುನಿಂತು, ನೆನಪು ಮಾಡಿಕೊಂಡು ಸ್ವಿಚ್ ಒತ್ತಿದರು.

"ನನ್ನ ಮುಂದೆ ಒಂದ್ಸಲ ತೆಗೀರಿ" ಎಂದೆ.

ಅವರ ಬೆರಳು ಒಂದು ಕೀಲಿಯನ್ನೂ ತಪ್ಪಲಿಲ್ಲ. ನನಗಿಂತ ಚುರುಕು. "ಕಡತ ತೆ" ಎಂದಿತು ಗಂಡಸಿನ ದನಿ, ಅಲ್ಲಿಗೇ ಕಡಿದುಹೋಯಿತು. ಪ್ರೋಗ್ರಾಮಿನ ಕಿಟಕಿ ಮಾಯವಾಗಿ ಖಾಲಿ ಪರದೆ ಉಳಿಯಿತು.

"ಟೀಚರ್ರೆ, ನನ್ನದು ತಪ್ಪಾಯ್ತು. ನೀವೇ ಏನೋ ಒತ್ತಿರ್ತೀರಿ ಅಂತ ತಿಳ್ಕೊಂಡಿದ್ದೆ" ಎಂದೆ.

"ಗೊತ್ತಿತ್ತು ಬಿಡ್ರಿ" ಎಂದರು. "ಕಣ್ಣಿರೋರು ಮೊದ್ಲು ಹಂಗೇ ತಿಳ್ಕೊಳ್ಳೋದು. ಈಗ ಕುಂದ್ರಿ, ಕೆಲ್ಸ ನೋಡಾನ."

ಕುಳಿತೆವು. ದುಭಾಷಿಯನ್ನು ಆಜ್ಞೆ ಟೈಪ್ ಮಾಡಿ ಶುರುಮಾಡಿದರೆ, ಅದು ಬೀಳುವಾಗ ಏನಾಯಿತೆಂದು ಉದ್ದನೆಯ ವರದಿ ಕಾರುತ್ತದೆ. ಆ ವರದಿಯ ಅರ್ಧಕ್ಕಿಂತ ಹೆಚ್ಚು ನನಗೆ ತಿಳಿಯುವುದಿಲ್ಲ. ಆದರೆ ಮೊದಲ ಸಾಲು ತಿಳಿಯಿತು. ಯಾವುದನ್ನೋ ಸೊನ್ನೆಯಿಂದ ಭಾಗಿಸಲು ಹೋಗಿ ಪ್ರೋಗ್ರಾಂ ಬಿದ್ದಿದೆ ಎಂದಿತ್ತು. ಓದಿ ಹೇಳಿದೆ.

"ಸೊನ್ನೆಯಿಂದ ಭಾಗಿಸಾಕೆ ಬರಲ್ಲ ಅಂತ ಐದನೇ ಕ್ಲಾಸಿನ ಮಕ್ಕಳಿಗೇ ಹೇಳ್ತೀವಲ್ರಿ" ಎಂದು ಟೀಚರು ನಕ್ಕರು. "ಆದ್ರೆ ಸೊನ್ನೆ ಬಂದಿದ್ದು ಎಲ್ಲಿಂದ?"

ಅದೇ ಪ್ರಶ್ನೆ. ದುಭಾಷಿಯ ಸೆಟ್ಟಿಂಗುಗಳನ್ನೆಲ್ಲ ಅಳಿಸಿ ಹೊಸದಾಗಿ ಕೂರಿಸಿದೆ. ಬಿತ್ತು. ಅಕ್ಷರಗಳ ಫಾಂಟ್ ಬದಲಿಸಿದೆ. ಬಿತ್ತು. ನನ್ನ ಅಂಗಡಿಯಲ್ಲಿದ್ದದ್ದು ದುಭಾಷಿಯ ಹಳೆಯ ಆವೃತ್ತಿ ಎಂಬುದು ನೆನಪಾಗಿ ಇಲ್ಲಿಯೂ ಅದನ್ನೇ ಹಾಕಿದೆ. ಕಡತ ತೆರೆಯಿತು! ಆದರೆ ಗಂಡಸಿನ ದನಿಯೇ ಇಲ್ಲ. ಹಳೆಯ ಆವೃತ್ತಿಯಲ್ಲಿ ಆ ಪ್ರೋಗ್ರಾಂ ಮೂಕ. ನನ್ನ ಅಂಗಡಿಯ ಕಂಪ್ಯೂಟರಿಗೆ ಸ್ಪೀಕರೇ ಇಲ್ಲವಾದ್ದರಿಂದ ನನಗದು ಗೊತ್ತೇ ಆಗಿರಲಿಲ್ಲ. ಮಾತಾಡದ ಪ್ರೋಗ್ರಾಮಿನಿಂದ ಟೀಚರಿಗೆ ಏನು ಪ್ರಯೋಜನ? ಮತ್ತೆ ಹೊಸದನ್ನೇ ಹಾಕಿದೆ.

ಉಳಿದದ್ದು ಒಂದೇ ದಾರಿ, ಕಡತವನ್ನು ಅರ್ಧರ್ಧ ಮಾಡುವುದು. ಹನ್ನೆರಡು ಪುಟದ ಟಿಪ್ಪಣಿಯನ್ನು ಎರಡು ತುಂಡು ಮಾಡಿ ಒಂದೊಂದನ್ನೇ ತೆರೆದು ನೋಡಿದೆವು. ಮೊದಲ ತುಂಡು ತೆರೆಯಿತು, ಎರಡನೆಯದು ಬಿತ್ತು. ಬಿದ್ದದ್ದನ್ನು ಮತ್ತೆ ಎರಡು ಮಾಡಿದೆವು. ಹೀಗೆ ಕತ್ತರಿಸುತ್ತ ಹೋಗಿ ಊಟದ ಹೊತ್ತಿಗೆ ಒಂದೇ ವಾಕ್ಯ ಉಳಿಯಿತು. ಜಡತ್ವದ ಪಾಠದ್ದು. "ಬಸ್‌ನಲ್ಲಿ ನಿಂತಿರುವ ಪ್ರಯಾಣಿಕರು ಬ್ರೇಕ್ ಹಾಕಿದ ಕೂಡಲೇ ಮುಂದಕ್ಕೆ ವಾಲುತ್ತಾರೆ."

ಆ ವಾಕ್ಯವನ್ನು ಎಷ್ಟು ಸಲ ಓದಿದೆನೋ. ಕನ್ನಡಕ ಒರೆಸಿ ಓದಿದೆ, ಅಕ್ಷರ ದೊಡ್ಡದು ಮಾಡಿ ಓದಿದೆ. ಒಂದು ತಪ್ಪೂ ಕಾಣಲಿಲ್ಲ. ಅದೇ ವಾಕ್ಯವನ್ನು ಟೀಚರು ತಾವೇ ಟೈಪ್ ಮಾಡಿದರು. ಅದು ತೆರೆಯಿತು. ಎರಡನ್ನೂ ಒಂದರ ಕೆಳಗೊಂದು ಇಟ್ಟು ನೋಡಿದರೆ, ಅವರದರಲ್ಲಿ "ಬಸ್ಸಿನಲ್ಲಿ" ಎಂದಿತ್ತು, ಅಷ್ಟೇ ವ್ಯತ್ಯಾಸ. ಬಸ್ ಎಂಬ ಮಾತಿಗೆ ಯಾವ ಪ್ರೋಗ್ರಾಂ ಬೀಳುತ್ತದೆ!

"ಸರೀರಿ ಆ ಕಡೆ" ಎಂದರು ಟೀಚರು. "ನಾನು ನೋಡ್ತೀನಿ."

ಲಿನಕ್ಸಿನಲ್ಲಿ ಪರದೆ ಓದುವ ಇನ್ನೊಂದು ಧ್ವನಿ ಇರುತ್ತದೆ. ಒಂದೊಂದು ಅಕ್ಷರ ಅಳಿಸಿದಾಗಲೂ ಅಳಿಸಿದ್ದು ಯಾವುದೆಂದು ಅದು ಹೇಳುತ್ತದೆ. ಟೀಚರು ವಾಕ್ಯದ ಮೊದಲ ಪದವನ್ನಷ್ಟೇ ಉಳಿಸಿಕೊಂಡು, ಹಿಂದಿನಿಂದ ಅಳಿಸುತ್ತ ಬಂದರು. ತಲೆಯನ್ನು ಒಂದು ಕಡೆ ವಾಲಿಸಿ, ಕಿವಿಯನ್ನು ಸ್ಪೀಕರಿನತ್ತ ಕೊಟ್ಟು ಕುಳಿತಿದ್ದರು. ಯಂತ್ರದ ದನಿ ಗುಡಿಸು ಎಂದಿತು. ಲ ಎಂದಿತು. ಅರ್ಧಾಕ್ಷರದ ಗುರುತಿನ ಹೆಸರು ಹೇಳಿತು. ಮತ್ತೆ ಲ ಎಂದಿತು. ನ ಎಂದಿತು. ಅವರು ಇನ್ನೊಮ್ಮೆ ಕೀಲಿ ಒತ್ತಿದರು.

ಏನೂ ಕೇಳಲಿಲ್ಲ.

ಮತ್ತೆ ಒತ್ತಿದರು. ಅರ್ಧಾಕ್ಷರದ ಗುರುತು. ಮತ್ತೆ, ಸ.

"ಅಕ್ಕಾರೆ" ಎಂದರು, ಬಹಳ ಮೆಲ್ಲಗೆ. "ಇಲ್ಲೊಂದು ಐತೆ. ಸದ್ದು ಮಾಡ್ಲಿಲ್ಲ, ಆದ್ರೆ ಐತೆ. ಒಂದು ಒತ್ತು ಹೆಚ್ಚಿಗೆ ಬೇಕಾತು."

ನನಗೆ ಅದೇನೆಂದು ಆ ಕ್ಷಣಕ್ಕೆ ತಿಳಿಯಿತು. ಬಸ್ ಎಂದು ಬರೆದು ಹಾಗೆಯೇ ನಲ್ಲಿ ಸೇರಿಸಿದರೆ ಕಂಪ್ಯೂಟರು ಎರಡನ್ನೂ ಕೂಡಿಸಿ "ಬಸ್ನಲ್ಲಿ" ಎಂದು ಒತ್ತಕ್ಷರ ಮಾಡಿಬಿಡುತ್ತದೆ. ನೋಡಲು ಚೆನ್ನಾಗಿರುವುದಿಲ್ಲ. ಅದಕ್ಕೆ ಟೈಪ್ ಮಾಡುವ ನಮ್ಮಂಥವರು ನಡುವೆ ಒಂದು ಕಾಣದ ಅಕ್ಷರ ಇಡುತ್ತೇವೆ. ಅದಕ್ಕೆ ಆಕಾರವಿಲ್ಲ, ಅಗಲವಿಲ್ಲ. ಇವೆರಡನ್ನೂ ಕೂಡಿಸಬೇಡ ಎಂದು ಕಂಪ್ಯೂಟರಿಗೆ ಹೇಳುವುದಷ್ಟೇ ಅದರ ಕೆಲಸ. ನನ್ನ ಕೀಲಿಮಣೆಯಲ್ಲಿ ಅರ್ಧಾಕ್ಷರದ ಕೀಲಿಯನ್ನು ಎರಡು ಸಲ ಒತ್ತಿದರೆ ಅದು ಬರುತ್ತದೆ. ಮನಸ್ಸಿಗೆ ಗೊತ್ತಾಗುವ ಮೊದಲೇ ನನ್ನ ಬೆರಳು ಅದನ್ನು ಒತ್ತಿಬಿಟ್ಟಿರುತ್ತದೆ. ಕನ್ನಡ ಪಾಠದಲ್ಲಿ, ಇತಿಹಾಸದಲ್ಲಿ ಅದರ ಗೊಡವೆ ಬಂದಿರಲಿಲ್ಲ. ಬಸ್, ಬ್ರೇಕ್, ಸೈಕಲ್ ಎಂದು ಇಂಗ್ಲಿಷ್ ಮಾತುಗಳಿಗೆ ವಿಭಕ್ತಿ ಹಚ್ಚುವ ವಿಜ್ಞಾನದಲ್ಲಿ ಅಲ್ಲಲ್ಲಿ ಬಂದಿತ್ತು.

ವಿವರಿಸಿ ಹೇಳಿದೆ. ಟೀಚರು ಯೋಚಿಸಿದರು.

"ಅಂದ್ರೆ ಅದು ಬರೀ ಕಣ್ಣಿಗೋಸ್ಕರ ಮಾಡಿದ ಅಕ್ಷರ" ಎಂದರು. "ಬ್ರೈಲಿನಾಗೆ ಒತ್ತಕ್ಷರ ಅನ್ನೋದೇ ಇಲ್ರಿ. ಅರ್ಧಾಕ್ಷರಕ್ಕೆ ಮುಂದೆ ಒಂದು ಚುಕ್ಕಿ ಇಡ್ತೀವಿ, ಆಮೇಲೆ ಒಂದರ ಪಕ್ಕ ಒಂದು, ಸಾಲಾಗಿ. ಕೂಡಿಸಿದ್ರೂ ಅಷ್ಟೇ, ಬಿಡಿಸಿದ್ರೂ ಅಷ್ಟೇ. ನಮಗದು ಬ್ಯಾಡ. ಬ್ಯಾಡಾಗಿದ್ದಕ್ಕೆ ಮೂರು ವಾರ ಹೋತು ನೋಡ್ರಿ."

"ಹಂಗಾರೂ ಬಸ್‌ನಲ್ಲಿ ಅಂತ ಯಾರು ಅಂತಾರ್ರಿ? ಬಸ್ಸಿನಾಗೆ ಅಂತೀವಿ, ಬರೆಯಾಗ ಬಸ್ಸಿನಲ್ಲಿ ಅಂತ ಬರಿತೀವಿ" ಎಂದು ಸೇರಿಸಿದರು.

ಆ ಕಾಣದ ಅಕ್ಷರವನ್ನು ಇಡೀ ಕಡತದಿಂದ ಒಂದೇ ಆಜ್ಞೆಯಲ್ಲಿ ತೆಗೆದುಹಾಕಿದೆ. "ಕಡತ ತೆರೆದಿದೆ" ಎಂದಿತು ಗಂಡಸಿನ ದನಿ, ಪೂರ್ತಿಯಾಗಿ. ಬ್ರೈಲ್ ಯಂತ್ರ ಟಕಟಕ ಕುಟ್ಟತೊಡಗಿತು. ಆ ಸದ್ದಿಗೆ ಮೇಜೇ ನಡುಗುತ್ತಿತ್ತು. ಟೀಚರು ಯಂತ್ರದ ಮೈಮೇಲೆ ಅಂಗೈ ಇಟ್ಟುಕೊಂಡು, ಹನ್ನೆರಡು ಪುಟ ಮುಗಿಯುವವರೆಗೂ ಹಾಗೆಯೇ ನಿಂತಿದ್ದರು. ಅವರ ಬಲಗೈಯ ತೋರುಬೆರಳಿನ ತುದಿ ಕೆಂಪಾಗಿ ಊದಿದ್ದನ್ನು ನಾನು ಆಗ ನೋಡಿದೆ.

ಕಾಗದದ ಕಟ್ಟು ಹಿಡಿದುಕೊಂಡು ಇಬ್ಬರೂ ಅವತ್ತೇ ನ್ಯಾಮತಿಗೆ ಹೋದೆವು. ಶಾಲೆ ಬಿಡುವ ಹೊತ್ತಾಗಿತ್ತು. ಆ ಹುಡುಗಿ ಹೊರಗಿನ ಕಟ್ಟೆಯ ಮೇಲೆ ಕಟ್ಟನ್ನು ತೊಡೆಯಲ್ಲಿಟ್ಟುಕೊಂಡು ಅಲ್ಲೇ ಓದಲು ಶುರುಮಾಡಿದಳು. ಅಷ್ಟು ವೇಗವಾಗಿ ಬೆರಳು ಓಡುವುದನ್ನು ನಾನು ನೋಡಿರಲಿಲ್ಲ. ಎರಡನೇ ಪುಟಕ್ಕೆ ನಿಂತಳು.

"ಆಂಟಿ, 'ವೇಗೋತ್ಕರ್ಷ'ಕ್ಕೆ ತ ಬಿಟ್ಟೀರಿ."

ಟೀಚರು ನಗು ತಡೆಯಲು ಸೆರಗು ಬಾಯಿಗೆ ಇಟ್ಟುಕೊಂಡರು. ಅವತ್ತು ಆ ಹುಡುಗಿ ನನ್ನ ತಪ್ಪುಗಳನ್ನು ಒಟ್ಟು ಆರು ಹಿಡಿದಳು. ಅಲ್ಲಿಂದ ಮುಂದೆ ಅವಳು ನೋಡಿ ಸರಿ ಎನ್ನದೆ ನಾನು ಯಾವ ಟಿಪ್ಪಣಿಯನ್ನೂ ಕೊನೆಯದು ಎಂದು ತಿಳಿಯಲಿಲ್ಲ.

ನಮ್ಮ ಕೆಲಸ ಆದಂತೆಯೇ ಆಗಿತ್ತು. ಕಾಣದ ಅಕ್ಷರ ತೆಗೆದು ಕಳಿಸಿದರೆ ಸಾಕಿತ್ತು. ಆದರೆ ಟೀಚರು ಬಿಡಲಿಲ್ಲ. "ಇದು ನಮಗೊಬ್ಬರಿಗೇ ಆಗಿರಲ್ಲ. ಅದನ್ನ ಮಾಡಿದೋರಿಗೆ ತಿಳಿಸ್ರಿ" ಎಂದರು. ದುಭಾಷಿಯ ಜಾಲತಾಣದಲ್ಲಿ ದೋಷ ವರದಿ ಮಾಡುವ ಜಾಗವಿದೆ. ನನ್ನ ಇಂಗ್ಲಿಷು ಅರ್ಜಿ ಬರೆಯುವ ಇಂಗ್ಲಿಷು. "ಮಾನ್ಯರೆ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಎಂಬ ಧಾಟಿಯಲ್ಲೇ ಬರೆದು, ಒಂದು ಪದದ ಕಡತ ಲಗತ್ತಿಸಿ ಕಳಿಸಿದೆ.

ಎರಡು ದಿನಕ್ಕೆ ಉತ್ತರ ಬಂತು. ಬರೆದವರು ಯಾವ ದೇಶದವರೋ ತಿಳಿಯದು. ಭಾಗಿಸುವ ಮೊದಲು ಸೊನ್ನೆಯೋ ಅಲ್ಲವೋ ನೋಡದಿರುವುದು ಆ ಬ್ರೈಲ್ ಪ್ರೋಗ್ರಾಮಿನ ತಪ್ಪು, ನಮ್ಮದಲ್ಲ ಎಂದು ಎರಡು ಸಾಲು ಬರೆದು ವರದಿಯನ್ನು ಮುಚ್ಚಿದ್ದರು. ನಾನು ಪೆಚ್ಚಾದೆ. ಟೀಚರಿಗೆ ಓದಿ ಹೇಳಿದೆ. ಅವರಿಗೇನೂ ಸಿಟ್ಟು ಬರಲಿಲ್ಲ.

"ಹಂಗಾರೆ ಕೇಳ್ರಿ ಅವರ್ನ. ನಿಜವಾದ ವಿಂಡೋಸಿನಾಗೆ ಇದು ಬೀಳ್ತಿರಲಿಲ್ಲ. ಹಳೇ ಕಂಪ್ಯೂಟರಿನಾಗೆ ಎಂಥೆಂಥಾ ಕಡತ ತೆಗ್ದೀನಿ ನಾನು. ದುಭಾಷಿ ಅಂದ್ಮೇಲೆ ಅಲ್ಲಿ ಹೆಂಗೆ ಹೇಳ್ತಾರೋ ಇಲ್ಲೂ ಹಂಗೇ ಹೇಳ್ಬೇಕು. ಅಲ್ಲಿ ಒಂದು ಹೇಳಿ ಇಲ್ಲಿ ಒಂದು ಹೇಳಿದ್ರೆ ಅವನೆಂಥಾ ದುಭಾಷಿ?"

ಅದನ್ನೇ ನನ್ನ ಅರ್ಜಿ ಇಂಗ್ಲಿಷಿನಲ್ಲಿ ಬರೆದೆ. ಈ ಸಲ ಬೇರೊಬ್ಬರು ಉತ್ತರಿಸಿದರು. ಅವರು ಸೌಮ್ಯ ಸ್ವಭಾವದವರು. ನೀವು ಹೇಳುವುದು ನ್ಯಾಯ, ಆದರೆ ಹಳೆಯ ವಿಂಡೋಸಿನಲ್ಲಿ ಇದೇ ಕಡತ ತೆರೆಯುತ್ತದೆಂದು ತೋರಿಸಬಲ್ಲಿರಾ ಎಂದು ಕೇಳಿದರು. ಈಗ ಆ ಕಾಲದ ವಿಂಡೋಸ್ ಎಲ್ಲಿ ಹುಡುಕುವುದು? ಚನ್ನಗಿರಿಯಲ್ಲಿ ಕೇಳಿದೆ, ಹೊನ್ನಾಳಿಯಲ್ಲಿ ಕೇಳಿದೆ. ಎಲ್ಲರೂ ಹೊಸದು ಹಾಕಿಸಿಕೊಂಡಿದ್ದರು.

ಅಷ್ಟರಲ್ಲಿ ದಸರೆ ರಜೆಗೆ ಊರಿಗೆ ಹೋದ ಟೀಚರು ಫೋನ್ ಮಾಡಿದರು. ಜಗಳೂರಿನಲ್ಲಿ ಅವರ ಚಿಕ್ಕಪ್ಪನ ಮಗಳು ಜೆರಾಕ್ಸ್ ಅಂಗಡಿ ಇಟ್ಟಿದ್ದಾಳೆ, ಅವಳ ಮೂಲೆಯ ಕಂಪ್ಯೂಟರಿನಲ್ಲಿ ಹಳೆಯ ವಿಂಡೋಸೇ ಇದೆ, ಬದಲಿಸಲು ಅವಳಿಗೆ ಪುರುಸೊತ್ತಾಗಿಲ್ಲ ಎಂದರು. "ನೀವೇನೂ ಬರಾದು ಬ್ಯಾಡ. ನಾನೇ ಮಾಡ್ತೀನಿ" ಎಂದರು. ಮಾಡಿಯೂ ಮಾಡಿದರು. ಸೊಕ್ಕೆಯಿಂದ ಬಸ್ಸಿಗೆ ಜಗಳೂರಿಗೆ ಬಂದು, ಪ್ರೋಗ್ರಾಂ ಹಾಕಿ, ಕಡತ ತೆರೆದರು. ತಂಗಿಯ ಕೈಯಲ್ಲಿ ಪರದೆಯ ವಿಡಿಯೊ ತೆಗೆಸಿ ಕಳಿಸಿದರು. ವಿಡಿಯೊದಲ್ಲಿ ಗಂಡಸಿನ ದನಿ "ಕಡತ ತೆರೆದಿದೆ" ಎಂದದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಹಿಂದೆಯೇ ಯಾರೋ, "ಏಯ್, ಆಧಾರ್ ಎರಡೂ ಕಡೆ ತೆಗಿಯವ್ವ" ಎಂದು ಕೂಗುತ್ತಿದ್ದರು. ಅದನ್ನು ಹಾಗೆಯೇ ಲಗತ್ತಿಸಿದೆ.

ಆಮೇಲೆ ಕೆಲಸ ತಾನಾಗಿ ಸಾಗಿತು. ಆ ಸೌಮ್ಯ ಮನುಷ್ಯ ಇನ್ನಷ್ಟು ವಿವರವಾದ ವರದಿ ಕೇಳಿದರು, ಕಳಿಸಿದೆ. ಗುಟ್ಟು ಅವರಿಗೆ ಸಿಕ್ಕಿತು. ಬ್ರೈಲ್ ಪ್ರೋಗ್ರಾಂ ಪ್ರತಿ ಅಕ್ಷರದ ಅಗಲ ಎಷ್ಟೆಂದು ಕೇಳುತ್ತದೆ. ಕಾಣದ ಅಕ್ಷರದ ಅಗಲ ಕೇಳಿದಾಗ ಹಳೆಯ ವಿಂಡೋಸ್ ಏನೋ ಒಂದು ಅಂಕಿ ಹೇಳುತ್ತಿತ್ತು. ನಮ್ಮ ದುಭಾಷಿಯ ಹೊಸ ಆವೃತ್ತಿ ಪ್ರಾಮಾಣಿಕವಾಗಿ ಸೊನ್ನೆ ಎನ್ನುತ್ತಿತ್ತು. ಆ ಸೊನ್ನೆಯಿಂದ ಭಾಗಿಸಲು ಹೋಗಿ ಪ್ರೋಗ್ರಾಂ ಬೀಳುತ್ತಿತ್ತು. ಅವರು ಏಳು ಸಾಲಿನ ತಿದ್ದುಪಡಿ ಬರೆದು, ನೀವೇ ಸೇರಿಸಿಕೊಂಡು ಪರೀಕ್ಷಿಸಿ ಹೇಳಿ ಎಂದರು.

ಒಂದು ಶನಿವಾರ ಮಧ್ಯಾಹ್ನ ಹೊನ್ನಾಳಿಗೆ ಹೋದೆ. ತಿದ್ದಿದ ಸಾಲುಗಳನ್ನು ಸೇರಿಸಿ ದುಭಾಷಿಯನ್ನು ಮೊದಲಿಂದ ಕಟ್ಟಬೇಕಾಗಿತ್ತು. ಆ ಬಡ ಕಂಪ್ಯೂಟರಿಗೆ ಅದು ಬೆಟ್ಟದಂಥ ಕೆಲಸ. ಪರದೆಯ ಮೇಲೆ ಸಾಲುಗಳು ಹರಿಯುತ್ತಲೇ ಇದ್ದವು. ಒಮ್ಮೆ ಕರೆಂಟು ಹೋಗಿ ಎಲ್ಲ ನಿಂತಿತು. ಮತ್ತೆ ಶುರುಮಾಡಿ, ಮಂಡಕ್ಕಿ ಮಿರ್ಚಿ ತರಿಸಿಕೊಂಡು ತಿನ್ನುತ್ತ ಕಾದೆವು. ಟೀಚರು ತಮ್ಮ ಬಾಲ್ಯದ ಕತೆ ಹೇಳಿದರು. ಶಾಲೆಗೆ ಸೇರಿಸುವ ಮೊದಲು ಅವರವ್ವ ಹೊಲದಲ್ಲಿ ಕೂರಿಸಿ, ಜೋಳ, ಸಜ್ಜೆ, ನವಣೆ ಒಂದೊಂದು ಹಿಡಿ ಕೈಗೆ ಕೊಟ್ಟು ಯಾವುದು ಯಾವುದೆಂದು ಕೇಳುತ್ತಿದ್ದರಂತೆ. "ಅದೇ ನನ್ನ ಮೊದಲ್ನೇ ಬ್ರೈಲು" ಎಂದರು. ಆಮೇಲೆ ಎದ್ದುಹೋಗಿ ಎಣ್ಣೆ ಕೈಯನ್ನು ಸೋಪು ಹಚ್ಚಿ ಎರಡು ಸಲ ತೊಳೆದು ಬಂದರು.

ಸಂಜೆಯ ಹೊತ್ತಿಗೆ ಕಟ್ಟಿ ಮುಗಿಯಿತು. ಒಂದು ಕಾಣದ ಅಕ್ಷರವನ್ನೂ ತೆಗೆಯದೆ, ನಾನು ಮೊದಲು ಕಳಿಸಿದ ವಿಜ್ಞಾನದ ಕಡತವನ್ನೇ ಟೀಚರು ತೆರೆದರು. ತೆರೆಯಿತು. ಟೀಚರು ಮುಚ್ಚಿದರು, ಮತ್ತೆ ತೆರೆದರು, ಮತ್ತೆ ಮುಚ್ಚಿದರು. ಐದು ಸಲ ನೋಡಿದ ಮೇಲೆಯೇ, "ಆತು ಅಂತ ಬರೀರಿ" ಎಂದರು.

ವರದಿ ಮಾಡಿದವರ ಹೆಸರು ಏನೆಂದು ಹಾಕಲಿ ಎಂದು ಆ ಮನುಷ್ಯ ಕೇಳಿದ್ದರು. ನಾನು ಟೀಚರ ಹೆಸರು ಎಂದೆ, ಟೀಚರು ನನ್ನ ಹೆಸರು ಎಂದರು. "ಟೈಪ್ ಮಾಡಿದ್ದು ನೀವು, ಇಂಗ್ಲಿಷಿನಾಗೆ ಬರೆದಿದ್ದು ನೀವು" ಎಂದು ವಾದಿಸಿದರು. "ಹುಡುಕಿದ್ದು ನೀವು" ಎಂದೆ ನಾನು. ಕೊನೆಗೆ ಎರಡೂ ಹಾಕಿದೆವು, ಅವರದು ಮೊದಲು. ಮುಂದಿನ ಆವೃತ್ತಿಯ ತಿದ್ದುಪಡಿಗಳ ಪಟ್ಟಿಯಲ್ಲಿ ಹಾಗೆಯೇ ಬಂತು.

ಕೆಲವು ತಿಂಗಳಾದ ಮೇಲೆ ನಾನು ಒಂದು ಗೃಹಪ್ರವೇಶದ ಕಾರ್ಡಿನ ಅಂಚು ಸರಿಮಾಡುತ್ತ ಕುಳಿತಿದ್ದಾಗ, ಆ ಹಳೆಯ ವರದಿಯ ಕೆಳಗೆ ಹೊಸ ಟಿಪ್ಪಣಿಯೊಂದು ಸೇರಿದೆ ಎಂದು ಇಮೇಲ್ ಬಂತು. ಬರೆದವರು ಪರ್ಷಿಯನ್ ಭಾಷೆಯವರು. ಅವರ ಲಿಪಿಯಲ್ಲೂ ಇದೇ ಕಾಣದ ಅಕ್ಷರ ಸಾಲುಸಾಲಿಗೆ ಬರುತ್ತದಂತೆ. ಅವರ ಹಳೆಯ ನಿಘಂಟು ಪ್ರೋಗ್ರಾಂ ಬಹಳ ದಿನದಿಂದ ಕಾರಣವಿಲ್ಲದೆ ಬೀಳುತ್ತಿತ್ತಂತೆ. ತಮ್ಮದೇ ತಪ್ಪೆಂದುಕೊಂಡು ಸುಮ್ಮನಿದ್ದರಂತೆ. ಹೊಸ ಆವೃತ್ತಿಯಲ್ಲಿ ಸರಿಹೋಯಿತು, ಇದನ್ನು ಹುಡುಕಿದ ಇಬ್ಬರಿಗೂ ನಮಸ್ಕಾರ ಎಂದು ಬರೆದಿದ್ದರು.

ಟೀಚರಿಗೆ ಫೋನ್ ಮಾಡಿದೆ. ನ್ಯಾಮತಿಗೆ ಹೊರಟಿದ್ದರು, ಹಿಂದೆ ಎಂಜಿನ್ನಿನ ಸದ್ದು ಕೇಳುತ್ತಿತ್ತು. ಕನ್ನಡಕ್ಕೆ ತಿರುಗಿಸುತ್ತ ಓದಿ ಹೇಳಿದೆ. ಆ ಕಡೆಯಿಂದ ಮಾತಿಲ್ಲ. ಲೈನ್ ಹೋಯಿತೇನೋ ಎಂದುಕೊಂಡೆ.

"ಟೀಚರ್ರೆ, ಅದೀರಾ?"

"ಅದೀನ್ರಿ" ಎಂದರು. "ಇನ್ನೊಂದ್ಸಲ ಓದ್ರಿ. ಮೆಲ್ಲಕೆ ಓದ್ರಿ."

ಮತ್ತೆ ಓದಿದೆ.